ಗರ್ಭಕೋಶ ತೆಗೆಸುವ ಮುಂಚೆ ಇದನ್ನೊಮ್ಮೆ ಕೇಳಿ ನೋಡಿ: ಹಾರ್ಮೋನ್ ಬಿಡುವ ಐಯುಡಿ, ಐದು ವರ್ಷ ಬಳಸಿದ ಮೇಲೆ

ಐಯುಡಿ ಅಂದರೆ ಗರ್ಭಕೋಶದೊಳಗೆ ಇಡುವ ಸಾಧನ. ಇದು ನೋಡಲು ಕಾಪರ್ ಟಿ ಥರಾನೇ ಇರುತ್ತದೆ. ಆದರೆ ಇದರಲ್ಲಿ ತಾಮ್ರ ಇಲ್ಲ, ಹಾರ್ಮೋನ್ ಇದೆ. ಅಂಥದ್ದೊಂದು ಪುಟ್ಟ ಸಾಧನ ಐದು ವರ್ಷ ನನ್ನ ಗರ್ಭಕೋಶದಲ್ಲಿತ್ತು. ಅವಧಿ ಮುಗಿದ ಮೇಲೆ ತೆಗೆಸಿ, ಅದೇ ದಿನ ಹೊಸದನ್ನು ಹಾಕಿಸಿಕೊಂಡೆ. ನನ್ನ ಅಭಿಪ್ರಾಯ ಇದರಲ್ಲೇ ಗೊತ್ತಾಗುತ್ತದೆ. ಆದರೂ ವಿವರವಾಗಿ ಬರೆಯಬೇಕು ಅನಿಸಿತು. ಯಾಕೆಂದರೆ ಮೊದಲ ನಾಲ್ಕೈದು ತಿಂಗಳು ಸುಲಭವಲ್ಲ. ಅದನ್ನು ಮೊದಲೇ ಬಿಡಿಸಿ ಹೇಳುವವರು ಕಡಿಮೆ. ಹಾಗಾಗಿ ನನಗೆ ಗೊತ್ತಿರುವ ಒಂದಿಬ್ಬರು ಗುಣ ಕಾಣುವ ಮೊದಲೇ ತೆಗೆಸಿಬಿಟ್ಟಿದ್ದಾರೆ.

ನಾನು ಇದನ್ನು ಮಕ್ಕಳಾಗದಿರಲಿ ಎಂದು ಹಾಕಿಸಿಕೊಂಡದ್ದಲ್ಲ. ಎರಡನೇ ಹೆರಿಗೆಯ ಜೊತೆಗೇ ಆಪರೇಷನ್ ಆಗಿತ್ತು. ನನ್ನ ತೊಂದರೆ ವಿಪರೀತ ಮುಟ್ಟು. ನಲವತ್ತು ದಾಟುವ ಹೊತ್ತಿಗೆ ರಕ್ತ ಗಡ್ಡೆಗಡ್ಡೆಯಾಗಿ ಹೋಗುತ್ತಿತ್ತು. ನಾನು ಹೈಸ್ಕೂಲ್ ಟೀಚರ್. ಒಂದು ಪೀರಿಯಡ್ ಪೂರ್ತಿ ಬೋರ್ಡಿನ ಮುಂದೆ ನಿಲ್ಲೋದಕ್ಕೆ ಭಯ. ಗಾಢ ಬಣ್ಣದ ಸೀರೆ ಬಿಟ್ಟು ಬೇರೆ ಉಡುತ್ತಿರಲಿಲ್ಲ. ಹಿಮೋಗ್ಲೋಬಿನ್ 7ರ ಆಸುಪಾಸಿಗೆ ಇಳಿದಿತ್ತು. ಮೆಟ್ಟಿಲು ಹತ್ತಿದರೆ ಎದೆ ಡವಡವ. ಸ್ಕ್ಯಾನಿಂಗ್ ಮಾಡಿಸಿದಾಗ ಅಡಿನೋಮಯೋಸಿಸ್ ಅಂತ ಬಂತು. ಅಂದರೆ ಗರ್ಭಕೋಶದ ಒಳಪದರದ ಅಂಗಾಂಶ ಗೋಡೆಯ ಸ್ನಾಯುವಿನೊಳಗೇ ಬೆಳೆದಿರುತ್ತದೆ. ಗರ್ಭಕೋಶ ದಪ್ಪಗಾಗುತ್ತದೆ, ನೋವೂ ಜಾಸ್ತಿ, ರಕ್ತವೂ ಜಾಸ್ತಿ.

ಮೊದಲು ಮಾತ್ರೆ ಕೊಟ್ಟರು. ಟ್ರಾನೆಕ್ಸಾಮಿಕ್ ಆಸಿಡ್ ತಗೊಂಡ ತಿಂಗಳು ಸ್ವಲ್ಪ ತಡೆಯುತ್ತಿತ್ತು. ಆಮೇಲೆ ನೊರೆಥಿಸ್ಟೆರಾನ್. ಹಬ್ಬ, ಪೂಜೆ, ಮದುವೆ ಬಂದಾಗ ಮುಟ್ಟು ಮುಂದೆ ಹಾಕಲು ನಮ್ಮ ಕಡೆ ಹೆಂಗಸರು ನುಂಗುತ್ತಾರಲ್ಲ, ಅದೇ ಮಾತ್ರೆ. ನುಂಗುವಷ್ಟು ದಿನ ಸರಿ, ಬಿಟ್ಟರೆ ಮತ್ತೆ ಅದೇ ಕಥೆ. ಕೊನೆಗೆ ಒಂದು ಆಸ್ಪತ್ರೆಯಲ್ಲಿ ಐದೇ ನಿಮಿಷ ಮಾತಾಡಿ, ಗರ್ಭಕೋಶ ತೆಗೆಸಿಬಿಡಿ ಎಂದರು. ಮನೆಯಲ್ಲೂ ಅತ್ತಿಗೆ ಅದನ್ನೇ ಹೇಳಿದರು. "ಮಕ್ಕಳಾಗಿವೆಯಲ್ಲ, ಇನ್ನು ಅದು ಇದ್ದು ಏನು ಮಾಡಬೇಕು? ನಾನೂ ತೆಗೆಸಿಲ್ವಾ?"

ಇನ್ನೊಬ್ಬ ಡಾಕ್ಟರನ್ನು ನೋಡಿ ಬರೋಣ ಅಂತ ಹೋದೆ. ಆ ಮೇಡಂ ಮೊದಲು ಒಳಪದರದ ಬಯಾಪ್ಸಿ ಮಾಡಿಸಿದರು. ಕ್ಯಾನ್ಸರ್ ಇಲ್ಲ ಅಂತ ಖಾತ್ರಿಯಾದ ಮೇಲೆ ಈ ಸಾಧನದ ಮಾತೆತ್ತಿದರು. ಸ್ಯಾಂಪಲ್ ಒಂದನ್ನು ನನ್ನ ಅಂಗೈಯಲ್ಲೇ ಇಟ್ಟರು. ಅಗಲ, ಉದ್ದ ಎರಡೂ 32 ಮಿಲಿಮೀಟರ್. ಇಂಗ್ಲಿಷಿನ ಟಿ ಆಕಾರ. ಚೌಕಟ್ಟು ಪಾಲಿಎಥಿಲೀನ್ ಪ್ಲಾಸ್ಟಿಕ್. ಎಕ್ಸ್‌ರೇಯಲ್ಲಿ ಕಾಣಲಿ ಎಂದು ಅದರಲ್ಲಿ ಬೇರಿಯಂ ಸಲ್ಫೇಟ್ ಬೆರೆಸಿರುತ್ತಾರೆ. ಟಿಯ ಕಾಂಡಕ್ಕೆ ಅಂಗಿಯ ತೋಳಿನ ಥರ ಬಿಳಿ ಬಣ್ಣದ ಒಂದು ಕೊಳವೆ ತೊಡಿಸಿದ ಹಾಗಿತ್ತು. ಉಗುರಿನಿಂದ ಒತ್ತಿದರೆ ಮೆತ್ತಗೆ. ತುದಿಯಲ್ಲಿ ಕಂದು ಬಣ್ಣದ ಎರಡು ದಾರ.

ಔಷಧಿ ಇರೋದು ಆ ಮೆತ್ತಗಿನ ತೋಳಿನಲ್ಲಿ. ಸಿಲಿಕೋನ್ ರಬ್ಬರಿನ ಜೊತೆ 52 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಎಂಬ ಹಾರ್ಮೋನ್ ಕಲಸಿರುತ್ತಾರೆ. ಮೇಲೆ ಮತ್ತೊಂದು ತೆಳು ಸಿಲಿಕೋನ್ ಪೊರೆ. ಔಷಧಿಯ ಸಣ್ಣ ಸಣ್ಣ ಹರಳುಗಳು ನಿಧಾನವಾಗಿ ಸಿಲಿಕೋನಿನಲ್ಲೇ ಕರಗುತ್ತವೆ. ಕರಗಿದ್ದಷ್ಟೇ ಪೊರೆ ದಾಟಿ ಬರುತ್ತದೆ, ಮಣ್ಣಿನ ಹೂಜಿಯಿಂದ ನೀರು ಜಿನುಗಿದ ಹಾಗೆ. ಎಷ್ಟು ಬರಬೇಕು ಅನ್ನೋದನ್ನು ಆ ಪೊರೆಯೇ ಹಿಡಿದಿಡುತ್ತದೆ. ಶುರುವಿನಲ್ಲಿ ದಿನಕ್ಕೆ ಸುಮಾರು 20 ಮೈಕ್ರೋಗ್ರಾಂ. ಐದು ವರ್ಷದ ಹೊತ್ತಿಗೆ ಸುಮಾರು 10.

ಈ ಲೆಕ್ಕ ಎಷ್ಟು ಚಿಕ್ಕದು ಅಂತ ತಿಳಿಯಲು ನಮಗೆ ಗೊತ್ತಿರುವ ಮಾತ್ರೆಗಳನ್ನೇ ನೋಡೋಣ. ಸರ್ಕಾರ ಉಚಿತವಾಗಿ ಕೊಡುವ ಗರ್ಭನಿರೋಧಕ ಮಾತ್ರೆ ಮಾಲಾ-ಎನ್‌ನಲ್ಲೂ ಇದೇ ಲೆವೊನಾರ್ಜೆಸ್ಟ್ರೆಲ್ ಇದೆ, ಒಂದು ಮಾತ್ರೆಗೆ 150 ಮೈಕ್ರೋಗ್ರಾಂ. ತುರ್ತು ಗರ್ಭನಿರೋಧಕ ಐ-ಪಿಲ್‌ನ ಒಂದೇ ಗುಳಿಗೆಯಲ್ಲಿ 1500. ಮಾತ್ರೆ ನುಂಗಿದರೆ ಔಷಧಿ ಹೊಟ್ಟೆ, ಲಿವರ್, ರಕ್ತ ಎಲ್ಲ ಸುತ್ತಿ ಗರ್ಭಕೋಶ ತಲುಪಬೇಕು. ಇಲ್ಲಿ ಬೇಕಾದ ಜಾಗದಲ್ಲೇ ಬೀಳುತ್ತದೆ. ಹಾಗಾಗಿ ಒಳಪದರಕ್ಕೆ ಜಾಸ್ತಿ ಸಿಗುತ್ತದೆ, ರಕ್ತಕ್ಕೆ ಸೇರೋದು ಕಡಿಮೆ. ಒಳಪದರ ದಪ್ಪಗೆ ಬೆಳೆಯುವುದೇ ನಿಲ್ಲುತ್ತದೆ. ಬೆಳೆಯದಿದ್ದರೆ ಉದುರಲು ಏನೂ ಇರುವುದಿಲ್ಲ, ಅಲ್ವಾ?

ಸಿಲಿಕೋನಿನಿಂದ ಔಷಧಿ ಹೀಗೆ ಹೊರಗೆ ಬರುತ್ತದೆ ಎಂದು ತೋರಿಸಿದವರು ಅಮೆರಿಕದ ನೌಕಾಪಡೆಯಲ್ಲಿ ಡಾಕ್ಟರಾಗಿದ್ದ ಜೂಡಾ ಫೋಕ್‌ಮನ್ ಮತ್ತು ಡೇವಿಡ್ ಲಾಂಗ್. ಅವರ ಲೇಖನ ಬಂದದ್ದು 1964ರಲ್ಲಿ. ಅವರ ಗಮನ ಇದ್ದದ್ದು ಹೃದಯದ ಔಷಧಿಗಳ ಮೇಲೆ. ಅದೇ ಗುಣವನ್ನು ಪಾಪ್ಯುಲೇಷನ್ ಕೌನ್ಸಿಲ್ ಎಂಬ ಅಮೆರಿಕದ ಸಂಶೋಧನಾ ಸಂಸ್ಥೆಯವರು ಗರ್ಭನಿರೋಧಕಗಳಿಗೆ ತಂದರು. ಫಿನ್ಲೆಂಡಿನ ಡಾಕ್ಟರ್ ತಪಾನಿ ಲೂಕ್ಕಾಯಿನೆನ್ ಈ ಟಿ ರೂಪಿಸಿದರು. 1990ರಲ್ಲಿ ಮೊದಲು ಬಳಕೆಗೆ ಬಂದದ್ದೂ ಫಿನ್ಲೆಂಡಿನಲ್ಲೇ. ನಮ್ಮಲ್ಲಿ ಮಿರೇನಾ ಹೆಸರು ಹೆಚ್ಚು ಕೇಳಿಬರುತ್ತದೆ. ಕೇಂದ್ರ ಸರ್ಕಾರದ ಎಚ್‌ಎಲ್‌ಎಲ್ ಸಂಸ್ಥೆಯ ಎಮಿಲಿ ಇದೆ, ಬೇರೆ ಕಂಪನಿಯ ಎಲೋಯಿರಾ ಇದೆ. ಈ ಮೂರರಲ್ಲೂ ಇರುವುದು ಅದೇ 52 ಮಿಲಿಗ್ರಾಂ. ನಾನು ಬರೆಯುತ್ತಿರುವುದು ಒಂದು ಕಂಪನಿಯ ಬಗ್ಗೆ ಅಲ್ಲ, ಈ ಬಗೆಯ ಸಾಧನದ ಬಗ್ಗೆ.

ಹಾಕುವ ದಿನದ ವಿಷಯ. ಅರಿವಳಿಕೆ ಕೊಡಲಿಲ್ಲ, ನೋವಿನ ಮಾತ್ರೆಯಷ್ಟೇ. ಮೊದಲು ತೆಳ್ಳನೆ ಕಡ್ಡಿ ಹಾಕಿ ಗರ್ಭಕೋಶದ ಆಳ ಅಳೆಯುತ್ತಾರೆ. ಆಗ ಕಿಬ್ಬೊಟ್ಟೆ ಗಟ್ಟಿಯಾಗಿ ಹಿಂಡಿತು, ಕಣ್ಣಲ್ಲಿ ನೀರು ಬಂತು. ಸಾಧನ ಒಳಗೆ ಹೋಗುವಾಗ ಇನ್ನೊಮ್ಮೆ. ಎಲ್ಲ ಸೇರಿ ಕೆಲವೇ ನಿಮಿಷ. ನೋವೇ ಆಗುವುದಿಲ್ಲ ಎನ್ನುವವರ ಮಾತು ನಂಬಬೇಡಿ. ಎಲ್ಲರಿಗೂ ಒಂದೇ ಥರ ಇರುವುದಿಲ್ಲ. ಜಾಸ್ತಿ ಹೆದರಿಕೆ ಇದ್ದರೆ ಅರಿವಳಿಕೆ ಕೊಟ್ಟು ಹಾಕಲು ಆಗುತ್ತದಾ ಎಂದು ಧೈರ್ಯವಾಗಿ ಕೇಳಿ. ಆ ದಿನ ಒಬ್ಬರೇ ಹೋಗಬೇಡಿ. ಮರುದಿನ ರಜೆ ಹಾಕಿ.

ಇನ್ನು ಮೊದಲ ತಿಂಗಳುಗಳು. ಮುಟ್ಟು ಕಮ್ಮಿಯಾಗುತ್ತದೆ ಎಂದುಕೊಂಡು ಹಾಕಿಸಿಕೊಂಡರೆ, ದಿನಾ ಚೂರು ಚೂರು ರಕ್ತ. ಯಾವಾಗ ಶುರು, ಯಾವಾಗ ನಿಲ್ಲುತ್ತದೆ ಅಂತ ಗೊತ್ತಾಗುವುದಿಲ್ಲ. ಪ್ಯಾಡ್ ಇಲ್ಲದೆ ಹೊರಗೆ ಹೋಗುವ ಹಾಗಿಲ್ಲ. ದೇವಸ್ಥಾನ, ಮನೆಯ ಪೂಜೆ ಅಂತ ನಿಯಮ ಇಟ್ಟುಕೊಂಡವರಿಗೆ ಇದು ದೊಡ್ಡ ಕಿರಿಕಿರಿ. ನಮ್ಮ ಮನೆಯಲ್ಲೂ ಇದರದ್ದೇ ಮಾತು. ಮುಖದ ಮೇಲೆ ಮೊಡವೆ ಎದ್ದವು. ಸ್ತನ ಬಿಗಿದ ಹಾಗಿರುತ್ತಿತ್ತು. ರಕ್ತ ಹೀಗೆ ಹೋಗೋದಕ್ಕೆ ಕಾರಣ ಇದೆ. ಹಳೆಯ ದಪ್ಪ ಪದರ ಒಂದೇ ಸಲ ಹೋಗುವುದಿಲ್ಲ, ತೆಳುವಾಗಲು ಮೂರರಿಂದ ಆರು ತಿಂಗಳು ಹಿಡಿಯುತ್ತದೆ. ಮೇಡಂ ಇದನ್ನು ಮೊದಲೇ ಚೀಟಿಯ ಹಿಂದೆ ಬರೆದುಕೊಟ್ಟಿದ್ದರು. "ಆರು ತಿಂಗಳ ತನಕ ತೆಗೆಸು ಅಂತ ಬರಬೇಡಿ. ಜ್ವರ, ತಡೆಯಲಾಗದ ನೋವು, ಕೆಟ್ಟ ವಾಸನೆ ಇದ್ದರೆ ಮಾತ್ರ ತಕ್ಷಣ ಬನ್ನಿ." ಆ ಒಂದು ಚೀಟಿಯಿಂದ ನಾನು ತಡೆದುಕೊಂಡೆ ಎಂದರೆ ಹೆಚ್ಚಲ್ಲ.

ಐದನೇ ತಿಂಗಳ ಆಚೆಗೆ ಬದಲಾವಣೆ ಕಾಣಿಸಿತು. ರಕ್ತ ಹೋಗುವ ದಿನಗಳು ಕಮ್ಮಿಯಾದವು. ವರ್ಷ ತುಂಬುವ ಹೊತ್ತಿಗೆ ತಿಂಗಳಿಗೆ ಒಂದೆರಡು ದಿನ ಕಲೆ, ಅಷ್ಟೇ. ಎರಡನೇ ವರ್ಷ ಮುಟ್ಟು ಪೂರ್ತಿ ನಿಂತಿತು. ವರ್ಷದ ಹೊತ್ತಿಗೆ ಸುಮಾರು ಐವರಲ್ಲಿ ಒಬ್ಬರಿಗೆ ಹೀಗೆ ನಿಲ್ಲುತ್ತದೆ. ಕಬ್ಬಿಣದ ಮಾತ್ರೆಯ ಜೊತೆ ಹಿಮೋಗ್ಲೋಬಿನ್ ಮೆಲ್ಲಗೆ ಏರಿ 12 ದಾಟಿತು. ನೋವು ಪೂರ್ತಿ ಹೋಗಲಿಲ್ಲ. ಆದರೆ ಮಾತ್ರೆ ನುಂಗುವಷ್ಟು ಇಲ್ಲ.

ಮುಟ್ಟು ನಿಂತಾಗ ನಮ್ಮಮ್ಮ ಹೆದರಿದರು. ಕೆಟ್ಟ ರಕ್ತ ಒಳಗೇ ಉಳಿಯುತ್ತದೆ, ಮೈ ಊದುತ್ತದೆ ಅಂತ. ಒಳಗೆ ಉಳಿಯಲು ರಕ್ತವೇ ಇಲ್ಲ. ಪದರವೇ ಬೆಳೆದಿಲ್ಲವಲ್ಲ. ಇದು ಮುಟ್ಟು ಪೂರ್ತಿ ನಿಲ್ಲುವ ವಯಸ್ಸು ಬಂದಂತೆಯೂ ಅಲ್ಲ. ಅಂಡಾಶಯ ಹೆಚ್ಚಿನವರಲ್ಲಿ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ನನಗೂ ತಿಂಗಳಿಗೊಮ್ಮೆ ಸ್ತನದ ನೋವು, ಸಿಡಿಮಿಡಿ ಬರುತ್ತಿತ್ತು, ರಕ್ತ ಮಾತ್ರ ಇಲ್ಲ.

ನಡುವೆ ಸೊಂಟದ ನೋವಿಗೆ ಎಂಆರ್‌ಐ ಮಾಡಿಸಬೇಕಾಯಿತು. ಮೈಯಲ್ಲಿ ಲೋಹ ಇದೆಯಾ ಎಂದು ಕೇಳಿದರು. ಈ 52 ಮಿಲಿಗ್ರಾಂ ಸಾಧನದಲ್ಲಿ ಲೋಹ ಇಲ್ಲ, ತೊಂದರೆಯಿಲ್ಲ. ಇದೇ ಔಷಧಿಯ ಕೆಲವು ಚಿಕ್ಕ ಸಾಧನಗಳಲ್ಲಿ ಬೆಳ್ಳಿಯ ಉಂಗುರ ಇರುತ್ತದೆ. ಹಾಗಾಗಿ ನಿಮ್ಮದು ಯಾವುದು ಎನ್ನುವ ಕಾರ್ಡನ್ನು ಪರ್ಸಿನಲ್ಲಿ ಇಟ್ಟುಕೊಂಡಿರಿ. ದಾರ ಕೈಗೆ ಸಿಗದಿದ್ದರೆ ಗಾಬರಿ ಬೇಡ, ಸ್ಕ್ಯಾನಿಂಗ್ ಮಾಡಿ ನೋಡುತ್ತಾರೆ. ಸಾಧನ ತಾನಾಗಿ ಜಾರಿ ಬರುವುದೂ ಉಂಟು. ಗರ್ಭಕೋಶ ತುಂಬಾ ದಪ್ಪ ಇದ್ದವರಿಗೆ, ಒಳಗೆ ಗಡ್ಡೆ (ಫೈಬ್ರಾಯ್ಡ್) ಇದ್ದವರಿಗೆ ಆ ಸಾಧ್ಯತೆ ಜಾಸ್ತಿ. ಹಾಕುವಾಗ ಗೋಡೆಗೆ ತೂತಾಗುವುದು ಅಪರೂಪ, ಸಾವಿರಕ್ಕೆ ಒಂದರ ಲೆಕ್ಕ. ಆದರೂ ಇದು ಕೈ ಪಳಗಿದವರ ಕೆಲಸ. ಸ್ತನ ಕ್ಯಾನ್ಸರ್ ಆಗಿದ್ದವರಿಗೆ ಇದು ಬೇಡ.

ತೆಗೆಯುವಾಗ ನೋವು ಕಮ್ಮಿ. ದಾರ ಹಿಡಿದು ಎಳೆದರು, ಟಿಯ ಎರಡು ಕೈ ಮೇಲಕ್ಕೆ ಮಡಚಿಕೊಂಡು ಹೊರಬಂತು. ಸ್ಟೀಲ್ ಟ್ರೇಯಲ್ಲಿ ತೋರಿಸಿ ಎಂದು ಕೇಳಿದೆ. ಚೌಕಟ್ಟು ಚೂರು ಹಳದಿಗೆ ತಿರುಗಿತ್ತು. ಸಿಲಿಕೋನ್ ತೋಳು ಸವೆದಿರಲಿಲ್ಲ, ಕರಗಿರಲಿಲ್ಲ, ಹೊಸದರಷ್ಟೇ ದಪ್ಪ. ಐದು ವರ್ಷ ಬೆಚ್ಚಗಿನ, ಒದ್ದೆ ಜಾಗದಲ್ಲಿ ಇದ್ದ ವಸ್ತು ಅದು! ದೇಹದ ಜೊತೆ ಜಗಳ ಆಡದೆ ಸುಮ್ನೆ ಇರೋದೇ ಆ ಸಿಲಿಕೋನಿನ ದೊಡ್ಡ ಗುಣ. ಹತ್ತಿರ ಹತ್ತಿರ ಅರ್ಧದಷ್ಟು ಔಷಧಿ ಒಳಗೇ ಉಳಿದಿರುತ್ತದೆ. ಆದರೆ ಜಿನುಗುವ ಪ್ರಮಾಣ ಇಳಿದಿರುತ್ತದೆ, ಅದಕ್ಕೇ ಬದಲಿಸುವುದು. ಗರ್ಭನಿರೋಧಕವಾಗಿ ಮಿರೇನಾಗೆ ಅಮೆರಿಕದಲ್ಲಿ 2022ರಿಂದ 8 ವರ್ಷದ ಅನುಮತಿ ಇದೆ. ಹೆಚ್ಚು ಮುಟ್ಟಿನ ಚಿಕಿತ್ಸೆಗೆ ಮಾತ್ರ 5 ವರ್ಷವೇ.

ಖರ್ಚಿನ ಬಗ್ಗೆ ಹೇಳಲೇಬೇಕು. ಕಾಪರ್ ಟಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಇದು ನನಗೆ ಹಾಗೆ ಸಿಗಲಿಲ್ಲ. ಸಾಧನದ ಬೆಲೆ, ಸ್ಕ್ಯಾನಿಂಗ್, ಬಯಾಪ್ಸಿ, ಹಾಕುವ ಚಾರ್ಜು ಎಲ್ಲ ಸೇರಿ ಒಂದೇ ಸಲ ಸಾವಿರಗಟ್ಟಲೆ ಕೊಡಬೇಕು. ಐದು ವರ್ಷಕ್ಕೆ ಹಂಚಿದರೆ ಪ್ಯಾಡ್, ಮಾತ್ರೆಗಳ ಖರ್ಚೇ ಅದರ ಹತ್ತಿರ ಬರುತ್ತದೆ. ಆದರೆ ಕೂಲಿ ಮಾಡುವ ಹೆಂಗಸು ಒಂದೇ ಸಲ ಎಲ್ಲಿಂದ ತರುತ್ತಾಳೆ? ಆಪರೇಷನ್‌ಗಾದರೆ ಹೇಗೋ ದುಡ್ಡು ಹೊಂದಿಸುತ್ತಾರೆ, ಇದಕ್ಕೆ ಹೊಂದಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಇದನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ತಾಲೂಕು ಆಸ್ಪತ್ರೆಗಳಲ್ಲಿ ಇದು ಸಿಗುವಂತಾಗಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಬೇಡದ ಗರ್ಭಕೋಶ ಆಪರೇಷನ್‌ಗಳ ವಿಷಯ ಸುಪ್ರೀಂ ಕೋರ್ಟ್‌ವರೆಗೂ ಹೋಗಿ, 2023ರಲ್ಲಿ ಎಲ್ಲ ರಾಜ್ಯಗಳೂ ಕೇಂದ್ರದ ಮಾರ್ಗಸೂಚಿ ಪಾಲಿಸಬೇಕು ಎಂದು ಆದೇಶ ಬಂತು. ಆಪರೇಷನ್ ಎಲ್ಲರಿಗೂ ತಪ್ಪು ಅಂತ ನಾನು ಹೇಳುತ್ತಿಲ್ಲ. ಕ್ಯಾನ್ಸರ್ ಇದ್ದರೆ, ದೊಡ್ಡ ಗಡ್ಡೆಗಳಿದ್ದರೆ, ಬೇರೆ ಏನೂ ಕೆಲಸ ಮಾಡದಿದ್ದರೆ ಬೇಕಾಗುತ್ತದೆ. ಆದರೆ ಅಂಡಾಶಯವನ್ನೂ ಸೇರಿಸಿ ತೆಗೆದರೆ ಮೈ ಬಿಸಿಯಾಗುವುದು, ಮೂಳೆ ಸವೆಯುವುದು ಬೇಗ ಶುರುವಾಗುತ್ತದೆ. ಅಂಡಾಶಯ ಉಳಿಸಿದರೂ ಕೆಲವರಲ್ಲಿ ಅದು ಬೇಗ ಸೋಲುತ್ತದೆ. ನಲವತ್ತರ ಹೆಂಗಸಿಗೆ ಇದು ಸಣ್ಣ ವಿಷಯವಲ್ಲ.

ಹಾಗಾಗಿ ಯಾರಾದರೂ ಗರ್ಭಕೋಶ ತೆಗೆಸಿ ಎಂದರೆ ಮೂರು ಪ್ರಶ್ನೆ ಕೇಳಿ. ಬಯಾಪ್ಸಿ ಬೇಕಾ? ಗಡ್ಡೆ ಇದ್ದರೆ ಅದು ಒಳಪದರದ ಹತ್ತಿರ ಇದೆಯಾ? ಹಾರ್ಮೋನ್ ಬಿಡುವ ಐಯುಡಿ ನನಗೆ ಯಾಕೆ ಆಗುವುದಿಲ್ಲ? ಮೂರನೆಯದಕ್ಕೆ ಸರಿಯಾದ ಕಾರಣ ಸಿಗದಿದ್ದರೆ ಇನ್ನೊಬ್ಬ ಡಾಕ್ಟರ ಹತ್ತಿರ ಹೋಗಿ. ಹಾಕಿಸಿಕೊಂಡರೆ ಆರು ತಿಂಗಳು ಕಾಯಿರಿ. ಕಬ್ಬಿಣದ ಮಾತ್ರೆ ನಿಲ್ಲಿಸಬೇಡಿ. ನನ್ನ ಎರಡನೆಯ ಸಾಧನಕ್ಕೆ ಈಗ ಕೆಲವು ತಿಂಗಳು. ಈ ಸಲ ಚೂರು ಚೂರು ರಕ್ತ ಹೋಗೋದು ತುಂಬಾ ಕಮ್ಮಿ. ಪದರ ಮೊದಲೇ ತೆಳುವಾಗಿದ್ದರಿಂದ ಹೀಗೆ ಎಂದರು ಮೇಡಂ.