‘ಸಾಂಬಿಝಾಂಗಾ’ ಡಿಸ್ಕ್: ಗೋವಾದಲ್ಲಿ ನೋಡುವ ಕನ್ನಡಿಗರಿಗೆ

ಅಗ್ವಾದ ಜೈಲನ್ನು ನೋಡಿ ಬಂದವರಿಗೆ ಸಾರಾ ಮಾಲ್ಡೊರೊರ್ ನಿರ್ದೇಶಿಸಿದ ‘ಸಾಂಬಿಝಾಂಗಾ’ (1972) ಚಿತ್ರ ಪರದೇಶದ ಕಥೆ ಅನ್ನಿಸಲಾರದು. ಗೋವಾದಲ್ಲಿ ಹೋರಾಟಗಾರರ ಬೆನ್ನು ಹತ್ತಿದ್ದ ಪೋರ್ಚುಗೀಸರ ಗುಪ್ತ ಪೊಲೀಸ್ ಪಡೆ ‘ಪಿಡೆ’ಯೇ ಆಫ್ರಿಕಾದ ಅಂಗೋಲಾದಲ್ಲೂ ಇತ್ತು. ಅಣೆಕಟ್ಟು ಕೆಲಸದ ಟ್ರ್ಯಾಕ್ಟರ್ ಚಾಲಕ ದೊಮಿಂಗೊಸ್‌ನನ್ನು ಅದು ಮನೆಯಿಂದ ಎಳೆದೊಯ್ಯುತ್ತದೆ. ಹೋರಾಟದ ಒಡನಾಡಿಯ ಹೆಸರು ಬಾಯಿಬಿಡದೆ ಅವನು ಹೊಡೆತಕ್ಕೆ ಪ್ರಾಣ ಬಿಡುತ್ತಾನೆ. ಹೆಂಡತಿ ಮರಿಯಾ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಅವನನ್ನು ಹುಡುಕುತ್ತ ರಾಜಧಾನಿ ಲುವಾಂಡಾವರೆಗೆ ಅಲೆಯುತ್ತಾಳೆ.

ಆ ಅಲೆದಾಟವೇ ಚಿತ್ರದ ಜೀವ. ಹೋದ ಕಡೆಯೆಲ್ಲ ಒಂದೇ ಉತ್ತರ: ಇಲ್ಲಿಲ್ಲ, ಮುಂದೆ ಹೋಗಿ ಕೇಳು. ವಸಾಹತು ಆಡಳಿತದ ಕ್ರೌರ್ಯ ಲಾಠಿಗಿಂತ ಈ ಉತ್ತರದಲ್ಲೇ ಹೆಚ್ಚು ತಟ್ಟುತ್ತದೆ. 1961ರ ಫೆಬ್ರವರಿ 4ರಂದು ಲುವಾಂಡಾದ ಸೆರೆಮನೆಯ ಮೇಲೆ ನಡೆದ ದಾಳಿಯ ಹೊಸ್ತಿಲಲ್ಲಿ ಕಥೆ ನಿಲ್ಲುತ್ತದೆ, ದಾಳಿಯನ್ನು ತೋರಿಸುವುದಿಲ್ಲ. ಅಂಗೋಲಾ ಆಗಿನ್ನೂ ಪೋರ್ಚುಗೀಸರ ಕೈಯಲ್ಲಿದ್ದುದರಿಂದ ಚಿತ್ರೀಕರಣ ಆದದ್ದು ಕಾಂಗೋದಲ್ಲಿ. ಮೂಲ ಕಥೆ ಬರೆದ ಲುವಾಂದಿನೊ ವಿಯೇರಾ ಪೋರ್ಚುಗೀಸರ ತರಾಫಾಲ್ ಸೆರೆ ಶಿಬಿರ ಕಂಡವರು.

ಅಮೆರಿಕದ ಡಿಸ್ಕ್ ಕಂಪನಿ ಕ್ರೈಟೀರಿಯನ್‌ನ ‘ವರ್ಲ್ಡ್ ಸಿನಿಮಾ ಪ್ರಾಜೆಕ್ಟ್’ 4ನೇ ಸೆಟ್‌ನಲ್ಲಿ ಇದರ ಪುನರುಜ್ಜೀವಿತ ಪ್ರತಿ ಇದೆ. ಒಟ್ಟು 6 ಚಿತ್ರ. ಉದಯ ಶಂಕರ್ ಅವರ ‘ಕಲ್ಪನಾ’ ಕೂಡ ಅದರಲ್ಲಿದೆ, ದುಡ್ಡಿಗೆ ಅದೂ ಒಂದು ಸಮಾಧಾನ. ಬಣ್ಣ ಕಣ್ತುಂಬುತ್ತದೆ: ಕೆಂಪು ಮಣ್ಣು, ಮರಿಯಾಳ ಬಟ್ಟೆ, ಮೊದಲ ದೃಶ್ಯದ ಭೋರ್ಗರೆವ ನದಿ.

ತೊಡಕು ರೀಜನ್‌ನದು, ಅಂದರೆ ಯಾವ ಪ್ರದೇಶದ ಪ್ಲೇಯರ್‌ನಲ್ಲಿ ಡಿಸ್ಕ್ ಓಡಬೇಕು ಎಂಬ ಬೀಗದ್ದು. ಈ ಬ್ಲೂ-ರೇ ರೀಜನ್ ಎ, ನಮ್ಮ ದೇಶದ್ದು ರೀಜನ್ ಸಿ. ಇಲ್ಲಿ ಕೊಂಡ ಸಾಮಾನ್ಯ ಪ್ಲೇಯರ್ ಡಿಸ್ಕನ್ನು ಓದುವುದಿಲ್ಲ. ‘ಮಲ್ಟಿ ರೀಜನ್’ ಎಂದು ಮಾರುವ ಎಷ್ಟೋ ಪ್ಲೇಯರ್‌ಗಳು ಡಿವಿಡಿಗೆ ಮಾತ್ರ ಹಾಗಿರುತ್ತವೆ. ಬ್ಲೂ-ರೇಗೂ ಎ, ಬಿ, ಸಿ ಮೂರೂ ನಡೆಯುತ್ತದೆಯೇ ಎಂದು ಕೇಳಿಯೇ ಕೊಳ್ಳಿ. ಸೆಟ್‌ನಲ್ಲಿರುವ ಡಿವಿಡಿಯನ್ನು ಕಂಪ್ಯೂಟರ್‌ನಲ್ಲಿ ಹಾಕುವುದಾದರೆ, ಡ್ರೈವ್‌ನ ರೀಜನ್ ಬದಲಿಸಲು ಸಿಗುವುದು 5 ಅವಕಾಶ ಮಾತ್ರ, ಆಮೇಲೆ ಅದು ಕೊನೆಯದಕ್ಕೇ ಗಟ್ಟಿಯಾಗುತ್ತದೆ. ಟಿವಿಯಲ್ಲಿ ಚಲನೆಯನ್ನು ನುಣುಪು ಮಾಡುವ ಸೆಟ್ಟಿಂಗ್ ಆಫ್ ಮಾಡಿ. ಇಲ್ಲದಿದ್ದರೆ ಮರಿಯಾಳ ನಡಿಗೆ ಧಾರಾವಾಹಿಯಂತೆ ಕಾಣುತ್ತದೆ.

ವಾಸ್ಕೋ, ಮಡಗಾಂವ್‌ನ ಕನ್ನಡ ಸಂಘದವರು ತೋರಿಸುವುದಿದ್ದರೆ ಡಿಸ್ಕ್ ಕೊಂಡರಷ್ಟೇ ಸಾಲದು, ಸಾರ್ವಜನಿಕ ಪ್ರದರ್ಶನಕ್ಕೆ ಹಕ್ಕುದಾರರ ಅನುಮತಿ ಬೇರೆ ಬೇಕು. ಸಬ್‌ಟೈಟಲ್ ಇಂಗ್ಲಿಷಿನಲ್ಲಿದೆ, ಹಿರಿಯರಿಗೆ ಕಷ್ಟ. ಪಾತ್ರಗಳ ಹೆಸರು, ಪಿಡೆ ಅಂದರೇನು, ಯಾವ ವರ್ಷ, ಇಷ್ಟನ್ನು ಕನ್ನಡದಲ್ಲಿ ಒಂದು ಪುಟ ಬರೆದು ಮೊದಲೇ ಹಂಚಿ. ಚಹಾ ಚಿತ್ರ ಮುಗಿದ ಮೇಲಿರಲಿ. ಮರಿಯಾ ದಾರಿಯಲ್ಲಿರುವಾಗ ದೀಪ ಹಾಕಬೇಡಿ.