ಮೇಸ್ತ್ರಿ ಕೈ ತಪ್ಪಿಸಿದ ಸರ್ವೆ: ಗೂಗಲ್ ಫಾರ್ಮ್ಸ್ ಬಳಸಿ ನೋಡಿದ್ದು

ದಾವಣಗೆರೆ ಹತ್ತಿರದ ಒಂದು ನೂಲಿನ ಮಿಲ್ಲಿನಲ್ಲಿ ಟೈಮ್ ಆಫೀಸ್ ನೋಡಿಕೊಳ್ಳುತ್ತೇನೆ. ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನ ಬಂತೆಂದರೆ ಕಾರ್ಮಿಕರ ಸುರಕ್ಷತಾ ಸರ್ವೆಯೂ ನನ್ನ ತಲೆಗೇ. ಮುಂಚೆ ಎರಡು ಹಾಳೆಯ ಜೆರಾಕ್ಸ್ ಹಂಚುತ್ತಿದ್ದೆವು. ಮೇಸ್ತ್ರಿಗಳು ಒಟ್ಟು ಮಾಡಿ ತರುತ್ತಿದ್ದರು. ಎಲ್ಲದರಲ್ಲೂ ‘ತೊಂದರೆ ಇಲ್ಲ’. ಕೆಲವು ಹಾಳೆಗಳಲ್ಲಿ ಕೈಬರಹ ಕೂಡ ಒಂದೇ! ಮೇಸ್ತ್ರಿ ಕೈಗೇ ಕೊಡುವ ಹಾಳೆಯಲ್ಲಿ ಯಾರು ನಿಜ ಬರೆಯುತ್ತಾರೆ, ಅಲ್ವಾ?

ಈ ಸಲ ಗೂಗಲ್ ಫಾರ್ಮ್ಸ್, ಅಂದರೆ ಫೋನಿನಲ್ಲೇ ತುಂಬುವ ಪ್ರಶ್ನೆಪಟ್ಟಿ. ದುಡ್ಡು ಕೊಡಬೇಕಿಲ್ಲ, ಪ್ರಶ್ನೆ ಕನ್ನಡದಲ್ಲೇ ಹಾಕಬಹುದು. ಕ್ಯೂಆರ್ ಕೋಡ್ ಪ್ರಿಂಟ್ ತೆಗೆಸಿ ಕ್ಯಾಂಟೀನಿನ ನಲ್ಲಿ ಮೇಲೆ ಅಂಟಿಸಿದೆ. ಮೊದಲ ದಿನ ಬಂದ ಉತ್ತರ ಮೂರೇ ಮೂರು.

ತಪ್ಪು ನನ್ನದೇ. ಒಬ್ಬರಿಗೆ ಒಂದೇ ಉತ್ತರ ಅಂತ ಸೆಟ್ಟಿಂಗ್ ಇಟ್ಟಿದ್ದೆ. ಹಾಗಿಟ್ಟರೆ ಗೂಗಲ್ ಲಾಗಿನ್ ಆಗಲೇಬೇಕು. ಕಾರ್ಡಿಂಗ್ (ಹತ್ತಿ ಬಾಚುವ) ಖಾತೆಯ ಅಕ್ಕ ಒಬ್ಬರು ಫೋನ್ ತಂದು ಮುಖಕ್ಕೇ ಹಿಡಿದರು. “ಹೆಸ್ರು ಬರಲ್ಲ ಅಂದಿದ್ರಿ, ಮೇಲ್ ಕೇಳ್ತೈತಲ್ಲ ಸಾರ್?” ನನಗೆ ಏನೂ ಕಾಣಲ್ಲ ಅಂದೆ. ನಂಬಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ. ಆ ಸೆಟ್ಟಿಂಗ್ ತೆಗೆದೆ. ಫೋಟೋ ಹಾಕುವ ಪ್ರಶ್ನೆಯನ್ನೂ ತೆಗೆದೆ, ಅದಿದ್ದರೂ ಲಾಗಿನ್ ಕೇಳುತ್ತದೆ. ಈಗ ಒಬ್ಬರೇ ಎರಡು ಸಲ ತುಂಬಬಹುದು. ತುಂಬಲಿ ಬಿಡಿ.

ನನಗೆ ಹಿಡಿಸಿದ್ದು ಕವಲು ಒಡೆಯುವ ಪ್ರಶ್ನೆಗಳು. ‘ವಾರದ ರಜೆ ಮುಗಿಸಿ ಬಂದ ದಿನ ಎದೆ ಬಿಗಿ ಹಿಡಿಯುತ್ತದಾ?’ ಅಂತ ಕೇಳಿದ್ದೆ. ಹತ್ತಿ ಧೂಳಿನಿಂದ ಬರುವ ಬಿಸಿನೋಸಿಸ್ ಕಾಯಿಲೆ ಶುರುವಿನಲ್ಲಿ ಹೀಗೇ. ಮೊದಲ ದಿನ ಜಾಸ್ತಿ, ಆಮೇಲೆ ಕಡಿಮೆ. ಹಾಗಾಗಿ ಜನ ಸುಮ್ನೆ ನೆಗಡಿ ಅಂದುಕೊಳ್ಳುತ್ತಾರೆ. ‘ಹೌದು’ ಒತ್ತಿದವರಿಗೆ ಮಾತ್ರ ಮುಂದಿನ ನಾಲ್ಕು ಪ್ರಶ್ನೆ ತೆರೆಯುತ್ತವೆ. ಹಾಳೆಯಲ್ಲಿ ‘ಹೌದಾದರೆ 14ಕ್ಕೆ ಹೋಗಿ’ ಅಂತ ಬರೆದರೆ ಯಾರು ಹೋಗುತ್ತಿದ್ದರು? ಹತ್ತಿ ಬಿಡಿಸಿ ಶುಚಿ ಮಾಡುವ ಬ್ಲೋ ರೂಂ, ಕಾರ್ಡಿಂಗ್ ಕಡೆಯಿಂದ ‘ಹೌದು’ ಬಂದವು. ಒಬ್ಬರು ಬರೆದಿದ್ದರು: “ಮಾಸ್ಕ್ ವಾರಕ್ಕೊಂದು ಕೊಡ್ತೀರಿ. ಎರಡ್ನೇ ದಿನಕ್ಕೇ ಅದು ಹತ್ತಿ ಹಾಸಿಗೆ ಆಗಿರ್ತೈತಿ.”

ಒಂದು ಎಚ್ಚರ. ಉತ್ತರದ ಪಕ್ಕ ಶೀಟಿನಲ್ಲಿ ತಾರೀಖು, ಸಮಯ ಬೀಳುತ್ತದೆ. ರಾತ್ರಿ 2:10ಕ್ಕೆ ಟೀಗೆ ಬಂದವರು ಯಾರು ಅಂತ ಮಿಲ್ಲಿಗೆಲ್ಲ ಗೊತ್ತು! ಮೇಲಿನವರಿಗೆ ಕಳಿಸುವ ಮುಂಚೆ ಆ ಕಾಲಂ ಅಳಿಸಿದೆ. ವಯಸ್ಸು, ಖಾತೆ, ಶಿಫ್ಟ್ ಮೂರನ್ನೂ ಕೇಳುವುದೂ ಹೆಸರು ಕೇಳಿದ ಹಾಗೇ. ವಯಸ್ಸು ಬಿಟ್ಟೆ.

ಲೆಕ್ಕ, ಚಿತ್ರ ಎಲ್ಲ ತಾನೇ ಹಾಕಿಕೊಡುತ್ತದೆ, ನನ್ನ ಎರಡು ಭಾನುವಾರ ಉಳಿದವು.

ಕೀಪ್ಯಾಡ್ ಫೋನಿನವರಿಗೆ ಮಾತ್ರ ಇದು ಆಗಿಬರಲ್ಲ. ಜಾಬರ್ (ಮೇಸ್ತ್ರಿ) ಒಬ್ಬರು “ನನ್ ಫೋನಲ್ಲೇ ತುಂಬಿಸ್ತೀನಿ ಬಿಡಿ” ಅಂದರು. ಬೇಡ ಅಂದೆ. ಕೀಪ್ಯಾಡ್‌ನವರಿಗೆ ಹಳೇ ಜೆರಾಕ್ಸೇ, ಆದರೆ ಬೀಗ ಹಾಕಿದ ಡಬ್ಬಕ್ಕೆ. ಬೀಗದ ಕೈ ನನ್ನ ಹತ್ತಿರ ಇರುವುದೂ ಸರಿಯಲ್ಲ ಅಂದರು ಅದೇ ಅಕ್ಕ. ಈಗ ಅದು ಅವರ ಸೆರಗಿನ ಗಂಟಿನಲ್ಲಿದೆ.