ಜೈಸಲ್ಮೇರ್‌ನಲ್ಲಿ ಅಗ್ಗದ ಕೋಣೆ ಹಿಡಿಯುವ ಮುನ್ನ ಓದಿ

ಪ್ರವಾಸಿ ಸಂಸ್ಥೆಗಳ ನೆರವಿಲ್ಲದೆ, ಬೆನ್ನಿಗೆ ಚೀಲ ಏರಿಸಿಕೊಂಡು ರಾಜಸ್ಥಾನದತ್ತ ಹೊರಡುವ ದಂಪತಿಗಳಿಗೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಜೈಸಲ್ಮೇರ್‌ನಲ್ಲಿ ನಂಬಲಾಗದಷ್ಟು ಕಡಿಮೆ ಬಾಡಿಗೆಗೆ ಒಳ್ಳೆಯ ಕೋಣೆ ಸಿಗುತ್ತಿದೆ ಎಂದಾದರೆ, ಆ ವಸತಿಗೃಹದವರು ಲಾಭವನ್ನು ಒಂಟೆ ಸಫಾರಿಯಲ್ಲಿ ಎಣಿಸಿಟ್ಟುಕೊಂಡಿದ್ದಾರೆ ಎಂದೇ ತಿಳಿಯಬೇಕು. ಸಫಾರಿ ಬೇಡ ಎಂದವರಿಗೆ ಮರುದಿನ ಕೋಣೆ ಖಾಲಿಯಿಲ್ಲ ಎನ್ನುವುದು, ಬೇಕು ಎಂದವರಿಂದ ಪೂರ್ತಿ ಹಣವನ್ನು ರಸೀದಿಯಿಲ್ಲದೆ ಮುಂಗಡವಾಗಿ ಪಡೆಯುವುದು ಅಲ್ಲಿ ಬಹಳ ಕಾಲದಿಂದ ನಡೆದುಬಂದಿದೆ. ಪ್ರಾಮಾಣಿಕವಾಗಿ ವ್ಯವಹರಿಸುವವರು ಆ ಊರಿನಲ್ಲಿ ಖಂಡಿತ ಇದ್ದಾರೆ. ಆದರೆ ನಿಲ್ದಾಣದಲ್ಲಿ ನಿಮ್ಮನ್ನು ಮೊದಲು ಎದುರುಗೊಳ್ಳುವವರು ಸಾಮಾನ್ಯವಾಗಿ ಅವರಾಗಿರುವುದಿಲ್ಲ.

ನಾನು ಮತ್ತು ನನ್ನ ಪತಿ ಜೋಧಪುರವನ್ನು ನೋಡಿ ಮುಗಿಸಿ, ಅಲ್ಲಿಂದ ಸುಮಾರು 285 ಕಿ.ಮೀ. ದೂರದ ಜೈಸಲ್ಮೇರ್‌ಗೆ ಹೋಗಿದ್ದೆವು. ಒಂಟೆಯ ಮೇಲೆ ಸಾಮಾನು ಹೇರಿಸಿ, ನಾವಿಬ್ಬರೂ ಹಳ್ಳಿಗಳ ನಡುವಿನ ಜಾಡಿನಲ್ಲಿ ಕಾಲ್ನಡಿಗೆಯಲ್ಲೇ ಸಾಗಿ, ರಾತ್ರಿ ಬಯಲಿನಲ್ಲಿ ಮಲಗಬೇಕೆಂಬುದು ನಮ್ಮ ಆಸೆಯಾಗಿತ್ತು. ಪ್ರವಾಸಿಗರ ಹಿಂದೆ ಬೀಳುವ ದಲ್ಲಾಳಿಗಳನ್ನು ರಾಜಸ್ಥಾನದಲ್ಲಿ ಲಪ್ಕಾ ಎನ್ನುತ್ತಾರೆ. ಅಂಥ ಒಬ್ಬ ಯುವಕ ಊರು ತಲುಪುವ ಮೊದಲೇ ನಮ್ಮ ಪಕ್ಕದ ಆಸನಕ್ಕೆ ಬಂದು ಕುಳಿತು, ನಾವು ಗೊತ್ತುಮಾಡಿಕೊಂಡಿದ್ದ ವಸತಿಗೃಹ ದುರಸ್ತಿಗಾಗಿ ಮುಚ್ಚಿದೆ ಎಂದು ಹೇಳಿದನು. ಅದು ಶುದ್ಧ ಸುಳ್ಳೆಂದು ನಮಗೆ ತಿಳಿದದ್ದು ಊರು ಬಿಡುವ ದಿನ, ಅದೇ ವಸತಿಗೃಹದ ತೆರೆದ ಬಾಗಿಲಿನ ಮುಂದೆ ಹಾದುಹೋದಾಗ.

ಅವನು ಕರೆದೊಯ್ದ ಮನೆಯ ಮಾಳಿಗೆಯಿಂದ ಕೋಟೆಯ ಹಳದಿ ಬುರುಜುಗಳು ಸಂಜೆಯ ಬಿಸಿಲಿನಲ್ಲಿ ಸೊಗಸಾಗಿ ಕಾಣುತ್ತಿದ್ದವು. ಮಾಲೀಕರು ಚಹಾ ತರಿಸಿದರು, ನನ್ನನ್ನು ಬೆಹನ್‌ಜೀ ಎಂದು ಕರೆದು ಮನೆಯವರ ಯೋಗಕ್ಷೇಮ ವಿಚಾರಿಸಿದರು, ಬಳಿಕ ಪ್ಲಾಸ್ಟಿಕ್ ಹೊದಿಸಿದ ಚಿತ್ರಗಳ ಕಡತವೊಂದನ್ನು ಬಿಚ್ಚಿದರು. ಹೆಜ್ಜೆಗುರುತೂ ಇಲ್ಲದ ಮರಳು ದಿಬ್ಬಗಳು, ಬೇರೆ ಪ್ರವಾಸಿಗರ ಸುಳಿವಿಲ್ಲದ ದಾರಿ, ಮುದ್ರೆಯೊಡೆಯದ ನೀರಿನ ಬಾಟಲಿಗಳು, ತುರ್ತು ಬಂದರೆ ಅರ್ಧ ಗಂಟೆಯಲ್ಲಿ ಜೀಪು ಎಂದೆಲ್ಲ ಭರವಸೆ ಕೊಟ್ಟರು. ರಸೀದಿ ಕೇಳಿದಾಗ ಮುಖ ಸಪ್ಪಗೆ ಮಾಡಿಕೊಂಡು, ಇಲ್ಲಿ ಮಾತೇ ರಸೀದಿ ಎಂದರು. ದೊಡ್ಡ ಚೀಲಗಳನ್ನು ತಮ್ಮ ಕೋಣೆಯಲ್ಲಿಟ್ಟು ಬೀಗ ಹಾಕಿದರು.

ಮರುದಿನ ಜೀಪು ನಮ್ಮನ್ನು ಡಾಂಬರು ರಸ್ತೆಯ ಬದಿಯಲ್ಲೇ ಇಳಿಸಿತು. ಒಂಟೆಗಳೊಡನೆ ಕಾದಿದ್ದ ಹಿರಿಯರಿಗೆ ನಮ್ಮ ಮಾಲೀಕರ ಹೆಸರೂ ಗೊತ್ತಿರಲಿಲ್ಲ. ನಮ್ಮ ಸಫಾರಿಯನ್ನು ಒಬ್ಬರು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ ಮಾರಿದ್ದರು. ನಿರ್ಜನ ಎಂದು ತೋರಿಸಿದ್ದ ದಿಬ್ಬಗಳ ಹಿಂದೆ ಪವನ ವಿದ್ಯುತ್ ಯಂತ್ರಗಳ ರೆಕ್ಕೆಗಳು ಸಾಲುಸಾಲಾಗಿ ತಿರುಗುತ್ತಿದ್ದವು, ಕತ್ತಲಾದ ಮೇಲೆ ಯಾವುದೋ ಡೇರೆ ಶಿಬಿರದ ಧ್ವನಿವರ್ಧಕದ ಹಾಡು ಬಹಳ ಹೊತ್ತು ಕೇಳಿಸುತ್ತಿತ್ತು. ಇಷ್ಟನ್ನು ಸಹಿಸಿಕೊಳ್ಳಬಹುದಿತ್ತು. ಸಹಿಸಲಾಗದ ಸಂಗತಿಯೆಂದರೆ ನೀರು. ಮುದ್ರೆಯ ಬಾಟಲಿಗಳು ಮೊದಲ ಮಧ್ಯಾಹ್ನಕ್ಕೇ ಮುಗಿದವು. ಉಳಿದದ್ದು ಒಂಟೆಯ ಪಕ್ಕೆಗೆ ನೇತುಹಾಕಿದ್ದ ಹಳದಿ ಪ್ಲಾಸ್ಟಿಕ್ ಕ್ಯಾನು ಮಾತ್ರ. ಅದರ ಮುಚ್ಚಳದ ಬದಲು ಮಡಚಿ ತುರುಕಿದ ಗೋಣಿಯ ಚೂರಿತ್ತು. ಲೋಟಕ್ಕೆ ಬಗ್ಗಿಸಿದರೆ ನೀರಿನ ಮೇಲೆ ಡೀಸೆಲ್ಲಿನ ತೆಳುವಾದ ಬಣ್ಣಬಣ್ಣದ ಪದರ ಕಾಣುತ್ತಿತ್ತು. ಆ ಹಿರಿಯರು ನಾಚಿಕೊಂಡು ಅದನ್ನು ಚೆಲ್ಲಿ, ದಾರಿಯ ಹಳ್ಳಿಯೊಂದರ ಟಾಂಕಾದಿಂದ, ಎಂದರೆ ಮಳೆನೀರು ಸಂಗ್ರಹಿಸುವ ನೆಲದೊಳಗಿನ ತೊಟ್ಟಿಯಿಂದ, ನೀರು ತಂದುಕೊಟ್ಟರು. ವರ್ಷಕ್ಕೆ 200 ಮಿ.ಮೀ. ಮಳೆಯೂ ಬೀಳದ ಆ ಸೀಮೆಯಲ್ಲಿ ಒಂದು ಮನೆಯವರ ತೊಟ್ಟಿಯ ನೀರನ್ನು ನಾವು ಕುಡಿಯಬೇಕಾಗಿ ಬಂದದ್ದು ನನ್ನನ್ನು ಈಗಲೂ ನೋಯಿಸುತ್ತದೆ.

ಸಂಜೆಯ ಹೊತ್ತಿಗೆ ನನ್ನ ಪತಿಗೆ ವಾಂತಿಭೇದಿ ಆರಂಭವಾಯಿತು. ಮೂತ್ರ ಕಡಿಮೆಯಾಗಿ ಗಾಢ ಬಣ್ಣಕ್ಕೆ ತಿರುಗಿತು, ನಿಂತರೆ ಕಣ್ಣು ಕತ್ತಲೆ ಬರುತ್ತಿತ್ತು. ನನ್ನ ಚೀಲದಲ್ಲಿದ್ದ ಓಆರ್‌ಎಸ್ ಪುಡಿಯೇ ಆ ರಾತ್ರಿ ನಮ್ಮನ್ನು ಕಾಪಾಡಿತು; ಕುದಿಸಿ ಆರಿಸಿದ ನೀರಿನಲ್ಲಿ ಅದನ್ನು ಕದಡಿ ಗುಟುಕು ಗುಟುಕಾಗಿ ಕುಡಿಸುತ್ತ ಕುಳಿತೆ. ಅಲ್ಲಿ ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಹಿರಿಯರು ನಡುರಾತ್ರಿಯ ಚಳಿಯಲ್ಲಿ ದಿಬ್ಬ ಹತ್ತಿ ಮಾಲೀಕರಿಗೆ ಕರೆ ಮಾಡಿ ಬಂದರು. ಜೀಪು ಬೆಳಿಗ್ಗೆ ಬರುತ್ತದೆ, ಅದಕ್ಕೆ ಬೇರೆ ಹಣ ಕೊಡಬೇಕು ಎಂಬುದು ಅತ್ತ ಕಡೆಯ ಉತ್ತರ. ಅವರು ತಮ್ಮ ಕಂಬಳಿಯನ್ನೂ ನನ್ನ ಪತಿಗೆ ಹೊದಿಸಿ, ತಾವು ಒಂಟೆಗೆ ಒರಗಿ ಬೆಳಗಿನವರೆಗೆ ಕುಳಿತಿದ್ದರು. ನಾವು ಕೊಟ್ಟ ಹಣದಲ್ಲಿ ಅವರ ಕೈಗೆ ಬರುವುದು ಎಷ್ಟು ಅಲ್ಪ ಎಂಬುದು ಅವರೇ ಹೇಳಿದಾಗ ಗೊತ್ತಾಯಿತು. ಆ ಅಲ್ಪದಲ್ಲೇ ಒಂಟೆಯ ಮೇವೂ ಸೇರಿತ್ತು.

ಊರಿಗೆ ಮರಳಿದಾಗ ವಸತಿಗೃಹದ ಮಾಲೀಕರು, ಮಧ್ಯದಲ್ಲಿ ಬಿಟ್ಟುಬಂದವರು ನೀವೇ ಆದ್ದರಿಂದ ಹಣ ಹಿಂದಿರುಗಿಸುವ ಪ್ರಶ್ನೆಯೇ ಇಲ್ಲ ಎಂದರು. ಜೀಪಿನ ಬಾಡಿಗೆ ಕೊಡುವವರೆಗೆ ಚೀಲಗಳ ಕೋಣೆಯ ಬೀಗದ ಕೈ ಸಿಗುವುದಿಲ್ಲ ಎಂದೂ ಹೇಳಿದರು. ಬೆಹನ್‌ಜೀ ಎಂದಿದ್ದ ಅದೇ ವ್ಯಕ್ತಿ, ಕಾಯಿಲೆಯಿಂದ ಮೆಟ್ಟಿಲ ಮೇಲೆ ಕುಸಿದು ಕುಳಿತಿದ್ದ ನನ್ನ ಪತಿಯತ್ತ ಕಣ್ಣೆತ್ತಿಯೂ ನೋಡಲಿಲ್ಲ. ನಾನು ಅಲ್ಲಿಯೇ ನಿಂತು ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸಹಾಯವಾಣಿ 1363ಕ್ಕೆ ಕರೆ ಮಾಡಿ, ಪೊಲೀಸರಿಗೆ ಲಿಖಿತ ದೂರು ಕೊಡುತ್ತೇನೆಂದು ಹೇಳಿದ ಮೇಲೆ ಚೀಲಗಳು ಹೊರಬಂದವು. ಹಣ ಬರಲಿಲ್ಲ. ರಸೀದಿಯೇ ಇಲ್ಲದ ಹಣವನ್ನು ಕೊಟ್ಟದ್ದೆಂದು ಸಾಧಿಸುವುದು ಯಾರಿಗೂ ಕಷ್ಟ, ಮತ್ತು ಈ ವ್ಯವಹಾರ ನಿಂತಿರುವುದೇ ಆ ಕಷ್ಟದ ಮೇಲೆ.

ಆದ್ದರಿಂದ ಅಲ್ಲಿಗೆ ಹೋಗುವವರು ಕೋಣೆಯನ್ನೂ ಸಫಾರಿಯನ್ನೂ ಬೇರೆಬೇರೆ ಕಡೆ ಗೊತ್ತುಮಾಡಿಕೊಳ್ಳಬೇಕು. ಕೋಣೆ ಕಾಯ್ದಿರಿಸುವಾಗಲೇ, ಸಫಾರಿ ತೆಗೆದುಕೊಳ್ಳುವುದಿಲ್ಲ, ಅದಕ್ಕಾಗಿ ಬಾಡಿಗೆ ಬದಲಾಗುವುದಿದ್ದರೆ ಈಗಲೇ ತಿಳಿಸಿ ಎಂದು ಬರಹದಲ್ಲಿ ಕೇಳಿ, ಉತ್ತರವನ್ನು ಇಟ್ಟುಕೊಳ್ಳಬೇಕು. ವಸತಿಗೃಹ ಮುಚ್ಚಿದೆ ಎಂದು ಯಾರೇ ಹೇಳಿದರೂ ಅಲ್ಲಿಗೆ ನೀವೇ ಕರೆ ಮಾಡದೆ ನಂಬಬಾರದು. ಸಫಾರಿಯವರನ್ನು ಕೇಳಬೇಕಾದ ಮುಖ್ಯ ಪ್ರಶ್ನೆ ಬೆಲೆಯದಲ್ಲ. ನಮ್ಮೊಡನೆ ಬರುವ ವ್ಯಕ್ತಿ ಯಾರು, ಹೊರಡುವ ಮೊದಲೇ ಅವರೊಡನೆ ಮಾತನಾಡಬಹುದೇ ಎಂಬುದು. ಸಾಮ್ ದಿಬ್ಬಗಳು ಊರಿನಿಂದ ಪಶ್ಚಿಮಕ್ಕೆ ಸುಮಾರು 40 ಕಿ.ಮೀ. ದೂರದಲ್ಲಿವೆ, ಅಲ್ಲಿ ಡೇರೆ ಶಿಬಿರಗಳ ಗದ್ದಲ ಹೆಚ್ಚು. ನೈಋತ್ಯದ ಖೂರಿ ಹಳ್ಳಿಯ ಕಡೆ ಅದಕ್ಕಿಂತ ಶಾಂತ. ಎಲ್ಲಿಗೆ ಕರೆದೊಯ್ಯುತ್ತಾರೆಂಬುದನ್ನು ನಕ್ಷೆಯ ಮೇಲೆ ಗುರುತು ಹಾಕಿಸಿಕೊಳ್ಳಿ. ಅಂತರರಾಷ್ಟ್ರೀಯ ಗಡಿ ಹತ್ತಿರವಿರುವುದರಿಂದ ಕೆಲವು ಪ್ರದೇಶಗಳಿಗೆ ಅನುಮತಿ ಬೇಕಾಗುತ್ತದೆ, ಅದನ್ನೂ ವಿಚಾರಿಸಿ. ನಡೆಯುವವರಿಗೆ ತಲೆಗೆ ದಿನಕ್ಕೆ 5 ಲೀಟರ್ ನೀರಾದರೂ ಬೇಕು. ಬಾಟಲಿಗಳನ್ನು ಒಂಟೆಗೆ ಹೇರುವ ಮೊದಲು ನಿಮ್ಮ ಕೈಯಾರೆ ಎಣಿಸಿ, ಕಡಿಮೆಯಿದ್ದರೆ ಹೆಜ್ಜೆ ಎತ್ತಬೇಡಿ. ನವೆಂಬರ್‌ನಿಂದ ಫೆಬ್ರವರಿಯ ನಡುವೆ ಅಲ್ಲದೆ ಬೇರೆ ಕಾಲದಲ್ಲಿ ಕಾಲ್ನಡಿಗೆಯ ಯೋಚನೆಯನ್ನೇ ಮಾಡಬೇಡಿ.

ಕೋಟೆಯ ಒಳಗೇ ತಂಗುವ ಆಸೆ ಹಲವರಿಗಿರುತ್ತದೆ, ಅಲ್ಲಿನ ಕೋಣೆಗಳನ್ನು ತೋರಿಸಿಯೂ ಗಿರಾಕಿಗಳನ್ನು ಸೆಳೆಯುತ್ತಾರೆ. ರಾವಲ್ ಜೈಸಲ್ 1156ರಲ್ಲಿ ಕಟ್ಟಿಸಿದ ಈ ಕೋಟೆಯಲ್ಲಿ ಜನ ಈಗಲೂ ವಾಸಿಸುತ್ತಿದ್ದಾರೆ. 2013ರಲ್ಲಿ ರಾಜಸ್ಥಾನದ ಇತರ ಐದು ಗಿರಿದುರ್ಗಗಳೊಡನೆ ಇದು ಯುನೆಸ್ಕೊ ಪಟ್ಟಿಗೆ ಸೇರಿತು. ಕೊಡಗಳಲ್ಲಿ ನೀರು ಹೊತ್ತು ತರುತ್ತಿದ್ದ ಕಾಲದ ಮಿತ ಬಳಕೆಗೆ ತಕ್ಕಂತೆ ಕಟ್ಟಿದ ಮನೆಗಳಲ್ಲಿ ಈಗ ಕೋಣೆಗೊಂದು ಸ್ನಾನಗೃಹ ಬಂದಿದೆ. ಕೊಳವೆಗಳಿಂದ ಸೋರಿದ ನೀರು ಬೆಟ್ಟದ ಮೆದು ಪದರಗಳಿಗೆ ಇಳಿದು, ಅಡಿಪಾಯ ಸಡಿಲವಾಗಿ ಗೋಡೆಗಳೂ ಬುರುಜುಗಳೂ ಹಾನಿಗೊಂಡಿವೆ. ಅಲ್ಲಿನವರ ಮನೆಗಳನ್ನು ಪ್ರೀತಿಯಿಂದ ನೋಡಿ, ಜೈನ ದೇವಾಲಯಗಳ ಕೆತ್ತನೆಯನ್ನು ಕಣ್ತುಂಬ ನೋಡಿ, ಆದರೆ ಮಲಗಲು ಕೆಳಗಿನ ಊರಿಗೆ ಬನ್ನಿ ಎಂಬುದು ನನ್ನ ಮನವಿ.

ಮರುಭೂಮಿಯ ಜಾಡಿನಲ್ಲಿ ನಡೆಯುವ ಆಸೆಯನ್ನು ಮಾತ್ರ ಬಿಡಬೇಕಾಗಿಲ್ಲ. ಜೋಧಪುರದ ಮೆಹ್ರಾನ್‌ಗಢ ಕೋಟೆಯ ಬುಡದಲ್ಲಿ ರಾವ್ ಜೋಧಾ ಮರುಭೂಮಿ ಶಿಲಾ ಉದ್ಯಾನವಿದೆ. ನಮ್ಮ ಬಯಲುಸೀಮೆಯವರಿಗೆ ಬಳ್ಳಾರಿ ಜಾಲಿ ಎಂದು ಚೆನ್ನಾಗಿ ಗೊತ್ತಿರುವ ಮುಳ್ಳುಗಿಡವನ್ನು 2006ರಿಂದ ಬಂಡೆಯ ಸಂದುಗಳಿಂದ ಬೇರುಸಹಿತ ಕಿತ್ತು, ಥಾರ್ ಸೀಮೆಯ ಸ್ವಂತ ಸಸ್ಯಗಳನ್ನು ಅಲ್ಲಿ ಬೆಳೆಸಿದ್ದಾರೆ. ಪ್ರವೇಶಕ್ಕೆ ಟಿಕೆಟ್ಟಿದೆ, ಗುರುತು ಮಾಡಿದ ಕಾಲುದಾರಿಗಳಿವೆ. ಅಲ್ಲಿ ಒಂದು ಬೆಳಗನ್ನು ಕಳೆದು, ನಿಮ್ಮ ಮೈಗೆ ಆ ಒಣಹವೆ ಎಷ್ಟು ಹಿಡಿಸುತ್ತದೆ ಎಂದು ನೋಡಿಕೊಂಡ ಬಳಿಕ ದೂರದ ದಾರಿಯನ್ನು ನಿರ್ಧರಿಸಬಹುದು.

ನಮ್ಮಂತೆಯೇ ಈಗಾಗಲೇ ತೊಂದರೆಗೆ ಸಿಲುಕಿರುವವರು ಊರು ಬಿಡುವ ಮುನ್ನವೇ ದೂರು ಕೊಡಿ. ರಾಜಸ್ಥಾನದಲ್ಲಿ ದಲ್ಲಾಳಿಗಳ ಕಿರುಕುಳವನ್ನು ಅಪರಾಧವೆಂದು ಪರಿಗಣಿಸುವ 2010ರ ಪ್ರವಾಸೋದ್ಯಮ ಕಾಯ್ದೆಯಿದೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಹಣವನ್ನು ಯುಪಿಐ ಮೂಲಕ ಕೊಟ್ಟ ದಾಖಲೆ, ಭರವಸೆಗಳನ್ನು ಬರೆದ ಸಂದೇಶ, ಕೊಟ್ಟ ನೀರಿನ ಚಿತ್ರ, ವೈದ್ಯರ ಚೀಟಿ ಇವೆಲ್ಲ ದೂರಿನ ಜೊತೆಯಲ್ಲಿರಲಿ. ಒಂಟೆಯೊಡನೆ ಬಂದವರ ಹೆಸರನ್ನು ಮಾತ್ರ, ಅವರ ತಪ್ಪಿಲ್ಲದಿದ್ದರೆ, ಆರೋಪಿಗಳ ಸಾಲಿನಲ್ಲಿ ಬರೆಯಬೇಡಿ. ಮತ್ತು ಅವರಿಗೆ ಕೊಡಬೇಕೆನಿಸಿದ್ದನ್ನು ವಸತಿಗೃಹದವರ ಮೂಲಕ ಕಳುಹಿಸದೆ ಅವರ ಕೈಗೇ ಕೊಡಿ.